ಅತ್ತೆಯ ತಿಥಿ, ನನ್ನ ಮಂಡಿ

ನಮ್ಮ ಮನೆಯವರು ಮಂಡಿ ಆಪರೇಷನ್ ಮಾಡಿಸಿಕೊಂಡು ಬಂದ ಮೇಲೆ ನೋಯ್ಡಾದ ಈ ಫ್ಲ್ಯಾಟಿನಲ್ಲಿ ಎಲ್ಲವೂ ಎತ್ತರವಾಯಿತು. ಮಂಚದ ಕಾಲುಗಳ ಕೆಳಗೆ ಮರದ ತುಂಡುಗಳು ಬಂದವು. ಕಮೋಡಿನ ಮೇಲೆ ಇನ್ನೊಂದು ಸೀಟು ಬಂತು. ದೇವರ ಮುಂದಿನ ಮಣೆ ಹೋಗಿ ಅಲ್ಲೊಂದು ಕೈಯಿರುವ ಕುರ್ಚಿ ಬಂತು. ಎಲ್ಲವೂ ಮೇಲೆದ್ದ ಆ ಮನೆಯಲ್ಲಿ ನಾನೊಬ್ಬಳು ನೆಲದಲ್ಲೇ ಉಳಿದೆ.

ಇದನ್ನು ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ನಾನು ಅಲ್ಲ ಅನ್ನುವುದಿಲ್ಲ. ಹೊಟ್ಟೆಕಿಚ್ಚೇ. ಆ ಮನೆಯಲ್ಲಿ ಮೊದಲು ಬರಬೇಕಾಗಿದ್ದ ಹೊಸ ಮಂಡಿ ನನ್ನದು.

ಮನೆಯವರ ಹೆಸರು ವೆಂಕಟಸುಬ್ಬಯ್ಯ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಮದುವೆಯಾಗಿ ಮೈಸೂರಿನಿಂದ ಆರ್.ಕೆ. ಪುರಂನ ಕ್ವಾರ್ಟರ್ಸಿಗೆ ಬಂದ ನನಗೆ ಅವರು ಮೊದಲು ಕಲಿಸಿದ್ದು ಹಿಂದಿಯನ್ನಲ್ಲ, ಕಚೇರಿಯ ಭಾಷೆಯನ್ನು. ಮನೆಗೆ ಮಿಕ್ಸಿ ಬೇಕೆಂದರೂ ಅದು ಕಡತದಂತೆ ಅವರ ಮುಂದೆ ‘ಪುಟ್ ಅಪ್’ ಆಗಬೇಕು, ‘ಪರಿಶೀಲನೆ’ ಆಗಬೇಕು. ಯಾವುದನ್ನೂ ಇಲ್ಲ ಎಂದವರೇ ಅಲ್ಲ. ಇಲ್ಲ ಎನ್ನದೆಯೇ ಒಂದು ವಿಷಯವನ್ನು ಸಾಯಿಸುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿ ಎಂದೂ ಪೆಂಡಿಂಗ್ ಇಡದ ಸಂಗತಿ ಎಂದರೆ ಶ್ರಾದ್ಧ. ಆಷಾಢದಲ್ಲಿ ಮಾವನವರದು, ಮಾಘದಲ್ಲಿ ಅತ್ತೆಯವರದು. ಅತ್ತೆ ಬದುಕಿದ್ದಾಗಲೇ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದರು. ದಿನ ಬಳಸುವ ಗ್ಯಾಸ್ ಕಟ್ಟೆ ಮೈಲಿಗೆಯದು, ಶ್ರಾದ್ಧದ ಅಡುಗೆ ಅಲ್ಲಿ ಆಗಕೂಡದು. ನೆಲ ಸಾರಿಸಿ, ಬೇರೆ ಒಲೆ ಇಟ್ಟು, ಮನೆಯ ಸೊಸೆ ಮಡಿಯಲ್ಲಿ ಮಣೆಯ ಮೇಲೆ ಕೂತು ಮಾಡಬೇಕು. ಬೇರೆ ಯಾರ ಕೈಯೂ ತಾಗಕೂಡದು. ದೆಹಲಿಯ ಮಾಘದ ಚಳಿಯಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ, ಹಾಗಾಗಿ ನನ್ನದು ಯಾವಾಗಲೂ ಒದ್ದೆ ಮಡಿ. ಮಂಜು ಕಿಟಕಿಗೆ ಅಂಟಿಕೊಂಡಿರುವಾಗ ಒದ್ದೆ ಸೀರೆ ಸುತ್ತಿ, ತಣ್ಣನೆಯ ನೆಲದಲ್ಲಿ ಕಾಲು ಮಡಿಸಿ, ಉದ್ದಿನ ವಡೆ, ಎಳ್ಳುಂಡೆ, ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಪಾಯಸ. ಒಲೆಯ ಮುಂದೆ ಎದೆ ಬೆಚ್ಚಗಿರುತ್ತಿತ್ತು, ಮಂಡಿ ಹಿಮವಾಗಿರುತ್ತಿತ್ತು. ವಯಸ್ಸಿರುವಾಗ ಇದೆಲ್ಲ ಲೆಕ್ಕಕ್ಕೇ ಬರಲಿಲ್ಲ. ಗಂಡನ ಮನೆಯ ಹಿರಿಯರು ನನ್ನ ಕೈಯಡುಗೆಯಿಂದ ತೃಪ್ತರಾಗುತ್ತಾರೆ ಎಂದು ಹೆಮ್ಮೆಯೇ ಇತ್ತು.

ನೋವು ಶುರುವಾದಾಗ ಇವರೇ ಡಾಕ್ಟರನ್ನು ಹುಡುಕಿದರು. ಡಾ. ಮಹಂತೇಶ್, ಧಾರವಾಡದ ಕಡೆಯವರು, ಹೌಜ್ ಖಾಸ್‌ನಲ್ಲಿ ಕ್ಲಿನಿಕ್. ‘ನಮ್ಮವರು, ನಮ್ಮ ಭಾಷೆಯಲ್ಲೇ ಹೇಳುತ್ತಾರೆ’ ಎಂದು ಇವರಿಗೆ ಖುಷಿ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನ್ನನ್ನೇ ನೋಡಿ ಮಾತಾಡಿದರು.

“ನೋಡ್ರಿ ಅಮ್ಮಾರ, ಎರಡು ಎಲುಬಿನ ನಡುವ ಗಾದಿ ಇದ್ದಂಗ ಇರತದ. ಅದು ಸವೆಯಾಕ ಹತ್ತೇದ. ಈಗ ಆಪರೇಷನ್ ಏನೂ ಬ್ಯಾಡ. ತೂಕ ಇಳಸ್ರಿ, ತೊಡಿ ಗಟ್ಟಿ ಆಗೋ ವ್ಯಾಯಾಮ ಮಾಡ್ರಿ, ಭಾಳ ನೋವಾದಾಗಷ್ಟ ಗುಳಿಗಿ ತಗೋರಿ. ಮತ್ತ ನೆಲದ ಮ್ಯಾಲೆ ಕೂಡಬ್ಯಾಡ್ರಿ.”

ಇವರು ತಲೆಯಾಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಯ ಮಾತೊಂದು ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮರುದಿನದಿಂದ ನನ್ನ ಕಾಫಿಗೆ ಸಕ್ಕರೆ ಬಂದ್. ಬೆಳಗ್ಗೆ ನಾನು ಕಾಲೆತ್ತಿ ಇಳಿಸುವಾಗ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಚಳಿಗಾಲದಲ್ಲಿ ಎಣ್ಣೆ ಬಿಸಿ ಮಾಡಿ ತಾವೇ ಮಂಡಿಗೆ ತಿಕ್ಕುತ್ತಿದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಅವರ ಕೈ ಮೆತ್ತಗಿತ್ತು, ಮನಸ್ಸೂ ಕೆಟ್ಟದ್ದಾಗಿರಲಿಲ್ಲ. ಮಾಘ ಬಂದಾಗ ಅದೇ ಕೈ ಅಟ್ಟದಿಂದ ಮಣೆ ಇಳಿಸಿ, ಒರೆಸಿ, ನೆಲದ ಮೇಲೆ ಇಡುತ್ತಿತ್ತು. ಎರಡರ ನಡುವೆ ಏನಾದರೂ ಸಂಬಂಧವಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ವ್ಯಾಯಾಮದಿಂದ ಸ್ವಲ್ಪ ದಿನ ಗುಣ ಕಂಡಿತು, ಆಮೇಲೆ ಮೊದಲಿನಂತೆಯೇ ಆಯಿತು. ಮಂಡಿಗೆ ಹಾಕುವ ಪಟ್ಟಿ ಬಂತು. ಊರುಗೋಲು ಬಂತು. ಇಂಜೆಕ್ಷನ್ ಆಯಿತು. ನನ್ನ ಕಾಲು ಹೊರಗೆ ಬಾಗಿ, ಸೀರೆಯ ನೆರಿಗೆ ಕೂಡ ನೆಟ್ಟಗೆ ನಿಲ್ಲದಂತಾಯಿತು. ಸೊಸೈಟಿಯ ಪಾರ್ಕಿನ ಬೆಂಚು ದೂರವೆನಿಸಿತು, ಆಮೇಲೆ ಲಿಫ್ಟು, ಆಮೇಲೆ ಬಾಲ್ಕನಿ.

ಒಂದು ದಿನ ಮಹಂತೇಶ್ ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಹೇಳಿದರು. “ಗಾದಿ ಪೂರ್ತಿ ಹೋಗೇದ್ರಿ. ಎಲುಬಿಗೆ ಎಲುಬು ತಿಕ್ಕಾಕ ಹತ್ತೇದ. ಇನ್ನ ವ್ಯಾಯಾಮ, ಇಂಜೆಕ್ಷನ್ ಸಾಕು. ಎರಡೂ ಮಂಡಿ ಬದಲಿ ಮಾಡಿಸ್ರಿ. ಈಗ ಮೈಯಾಗ ಶಕ್ತಿ ಅದ, ಈಗ ಮಾಡಿಸಿದ್ರ ಛಲೋ.”

ಇವರು ಬಾಯಿ ತೆರೆಯುವ ಮೊದಲೇ ನಾನು ಕೇಳಿಬಿಟ್ಟೆ. “ಆಮೇಲೆ ಒಬ್ಬಳೇ ಮೆಟ್ರೋದಲ್ಲಿ ಹೋಗಿ ಬರಬಹುದಾ ಡಾಕ್ಟ್ರೇ?”

“ಮೆಟ್ರೋ ಯಾಕ, ಮೆಟ್ಟಲಾನೂ ಹತ್ತಬಹುದು. ನೆಲದ ಮ್ಯಾಲೆ ಕೂಡೂದೊಂದು ಮರತ ಬಿಡ್ರಿ.”

ನನಗೆ ವರ ಕೊಟ್ಟಂತಾಯಿತು. ನನಗಿದ್ದ ಆಸೆ ದೊಡ್ಡದೇನಲ್ಲ. ಚಾಣಕ್ಯಪುರಿಯ ಕರ್ನಾಟಕ ಭವನಕ್ಕೆ ಒಬ್ಬಳೇ ಹೋಗಬೇಕು, ಕ್ಯಾಂಟೀನಿನಲ್ಲಿ ಕುರ್ಚಿಯ ಮೇಲೆ ಕೂತು, ಯಾರೋ ಮಾಡಿದ ಮಸಾಲೆ ದೋಸೆಯನ್ನು ಬಿಸಿಬಿಸಿಯಾಗಿ ತಿನ್ನಬೇಕು. ಮನೆಗೆ ಬರುವ ಕ್ಯಾಬಿನಲ್ಲಿ ಅದನ್ನೇ ನೆನೆಯುತ್ತಾ ಕೂತಿದ್ದೆ. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ನೆಲದ ಮೇಲೆ ಕೂರೋ ಹಾಗಿಲ್ಲ ಅಂದರೆ ಅಮ್ಮನ ಶ್ರಾದ್ಧ ಹೇಗೆ?” ಎಂದರು.

“ಹರಿಣಿ ಬಂದು ಮಾಡ್ತಾಳೆ.” ಹರಿಣಿ ನಮ್ಮ ಒಬ್ಬಳೇ ಮಗಳು, ಮದುವೆಯಾಗಿ ಗುರುಗ್ರಾಮದಲ್ಲಿದ್ದಾಳೆ.

“ಕೊಟ್ಟ ಹೆಣ್ಣು. ಗೋತ್ರವೇ ಬೇರೆಯಾಯಿತಲ್ಲ.” ಆಮೇಲೆ ಮೆತ್ತಗೆ, ಕೈಹಿಡಿದು ಹೇಳಿದರು. “ಈ ಸಲದ್ದು ಒಂದು ಆಗಿಹೋಗಲಿ ಸರಳಾ. ಆಮೇಲೆ ನೋಡೋಣ.”

ಆ ಸಲದ್ದು ಆಯಿತು. ಅದಾದ ಮೇಲೆ ಆಷಾಢ ಹತ್ತಿರ ಬಂತು. ಆಪರೇಷನ್ ಆದರೆ ಸುಧಾರಿಸಿಕೊಳ್ಳಲು ತಿಂಗಳುಗಳು ಬೇಕು, ಹಿಂದೊಂದು ತಿಥಿ, ಮುಂದೊಂದು ತಿಥಿ. ಸತ್ತ ಅತ್ತೆ ಮಾವ ಇಬ್ಬರೂ ಸೇರಿ ನನ್ನ ವರ್ಷವನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಹರಿಣಿ ಬಂದಾಗಲೆಲ್ಲ ಅಪ್ಪನ ಜೊತೆ ಜಗಳವಾಡುತ್ತಿದ್ದಳು.

“ಅಪ್ಪಾ, ಯೇ ಕ್ಯಾ ಹೈ? ಅಮ್ಮ ಬಾತ್‌ರೂಮ್‌ಗೆ ಹೋಗೋಕೂ ಅಳ್ತಾಳೆ. ಅಜ್ಜಿ ಈಸ್ ಡೆಡ್. ಅಮ್ಮ ಜಿಂದಾ ಇದ್ದಾಳೆ!”

“ನಾನು ಬೇಡ ಅಂದೆನಾ?” ಎಂದು ಇವರು ಕೇಳುತ್ತಿದ್ದರು. ಅದೂ ನಿಜವೇ. ಬೇಡ ಎಂದು ಅವರು ಒಮ್ಮೆಯೂ ಅನ್ನಲಿಲ್ಲ.

ಹಾಗೆ ಹಲವು ಮಾಘಗಳು ಕಳೆದವು. ನಾನು ಕಳೆದದ್ದು ಮಾತ್ರೆಯ ಮೇಲೆ. ಭಾಳ ನೋವಾದಾಗಷ್ಟೇ ಎಂದು ಡಾಕ್ಟರು ಬರೆದಿದ್ದರು, ದಿನಾ ಭಾಳ ನೋವಾದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಸೊಸೈಟಿ ಗೇಟಿನ ಔಷಧಿ ಅಂಗಡಿಯ ಕಿಶನ್ ಭಯ್ಯಾ ನನ್ನ ಫೋನ್ ಬಂದ ಕೂಡಲೇ “ಆಂಟೀಜಿ, ವಹೀ ವಾಲಿ?” ಎಂದು ಕೇಳಿ ಅದೇ ಮಾತ್ರೆ ಕಳಿಸಿಬಿಡುತ್ತಿದ್ದ. ಡಾಕ್ಟರ ಚೀಟಿ ಕೇಳಿದವನೇ ಅಲ್ಲ. ಶ್ರಾದ್ಧದ ದಿನ ಬರಿಹೊಟ್ಟೆಯಲ್ಲೇ ನುಂಗಿ ಒಲೆಯ ಮುಂದೆ ಕೂರುತ್ತಿದ್ದೆ, ಬ್ರಾಹ್ಮಣರ ಊಟವಾಗುವವರೆಗೆ ನಾನು ಏನೂ ತಿನ್ನುವಂತಿರಲಿಲ್ಲವಲ್ಲ. ಏಳುವಾಗ ಗೋಡೆ ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದೆ. ಇವರು ಹೊರಗಿನಿಂದ “ವಡೆ ಆಯಿತೇನೇ?” ಎಂದು ಕೂಗುತ್ತಿದ್ದರು.

ಕಳೆದ ಆಷಾಢದ ಶ್ರಾದ್ಧ ಮುಗಿದ ಮೇಲೆ ಇವರಿಗೂ ಮಂಡಿ ನೋವು ಬಂತು. ಬಲಗಾಲು ಒಂದೇ. ಬೆಳಗಿನ ವಾಕಿಂಗಿಗೆ ಹೋಗಿ ಅರ್ಧಕ್ಕೇ ವಾಪಸ್ ಬಂದು ಸೋಫಾದಲ್ಲಿ ಕೂತವರ ಮುಖ ನೋಡಿ ನನಗೆ ನಿಜವಾಗಿ ಕನಿಕರವಾಯಿತು. ಮನುಷ್ಯನಿಗೆ ಈಗಲಾದರೂ ಗೊತ್ತಾಗುತ್ತದೆ ಎಂದುಕೊಂಡೆ. ಮಹಂತೇಶ್ ಡಾಕ್ಟರು ಅವರ ಎಕ್ಸ್‌ರೇ ನೋಡಿ, “ಸರ, ಆಪರೇಷನ್‌ಗೆ ಇನ್ನೂ ಟೈಮ್ ಅದ. ಮೊದಲು ವ್ಯಾಯಾಮ ಮಾಡ್ರಿ, ತೂಕ ಇಳಸ್ರಿ” ಎಂದರು.

ಇವರು ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಾ ಎರಡು ವಾರ ಯೋಚಿಸಿದರು. ಕಾಲೆತ್ತಿ ಇಳಿಸಿದ್ದು ಎರಡೇ ದಿನ. ಆಮೇಲೆ ಒಂದು ಸಂಜೆ ಹೇಳಿದರು. “ನೋವು ಇಟ್ಟುಕೊಂಡು ಎಷ್ಟು ದಿನ ಅಂತ ಒದ್ದಾಡೋದು? ಇಂಥದ್ದನ್ನೆಲ್ಲ ಮುಂದೂಡಬಾರದು ಸರಳಾ. ಡಿಸಿಷನ್ ತಗೊಂಡುಬಿಡಬೇಕು.”

ನಾನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಇಲ್ಲದಿದ್ದರೆ ಅದನ್ನು ಎಸೆಯುತ್ತಿದ್ದೆ.

ಬೇರೆ ಆಸ್ಪತ್ರೆ ಹುಡುಕಿದರು, ಅಲ್ಲಿ ಕೂಡಲೇ ಒಪ್ಪಿದರು. ಕಾರ್ತಿಕ ಮುಗಿಯುವುದರೊಳಗೆ ಮಂಡಿ ಬದಲಾಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು, ಅವರ ಅದೃಷ್ಟ. ಮನೆಗೆ ಬಂದ ಮೇಲೆ ನಾನು ಐಸ್ ಚೀಲ ಹಿಡಿದು, ಊರುಗೋಲು ಊರಿಕೊಂಡು ಅವರ ಮಂಚದ ಸುತ್ತ ಓಡಾಡಿದೆ. ಫಿಸಿಯೋಥೆರಪಿಯ ಹುಡುಗಿ ನನ್ನನ್ನು ನೋಡಿ “ಆಂಟಿ, ಪೇಶಂಟ್ ಆಪ್ ಹೈಂ ಯಾ ಅಂಕಲ್?” ಎಂದು, ರೋಗಿ ಯಾರೆಂದೇ ತಿಳಿಯದವಳಂತೆ, ನಕ್ಕಳು. ಇವರೂ ನಕ್ಕರು.

ಮಾಘ ಹತ್ತಿರ ಬಂದಾಗ ಇವರು ಮಂಚದ ಮೇಲಿಂದಲೇ ಪುರೋಹಿತರಾದ ಇಂದುಶೇಖರ ಭಟ್ಟರಿಗೆ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳುತ್ತಿತ್ತು. ನಾನು ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ.

“ಭಟ್ಟರೇ, ನನಗೀಗ ನೆಲದ ಮೇಲೆ ಕೂರೋ ಹಾಗಿಲ್ಲ. ಅಮ್ಮನ ಶ್ರಾದ್ಧ ಏನು ಮಾಡೋದು?”

“ಅದಕ್ಕೇನು ಸಾರ್, ಕುರ್ಚಿ ಮೇಲೆ ಕೂತು ಮಾಡಿ. ಆಗದವರಿಗೆ ಅವಕಾಶ ಇದ್ದೇ ಇದೆ.”

“ಅಡುಗೆಗೂ ಕಷ್ಟ. ನಮ್ಮನೆಯವಳಿಗೆ ನನ್ನ ನೋಡ್ಕೊಳ್ಳೋದೇ ಆಗಿಬಿಟ್ಟಿದೆ.”

“ಅಚ್ಛಾ, ಅಡುಗೆಯವರನ್ನ ನಾನೇ ಕಳಿಸ್ತೀನಿ ಬಿಡಿ. ದೆಹಲಿಯಲ್ಲಿ ಅರ್ಧ ಮನೆಗಳಲ್ಲಿ ಹಾಗೇ ನಡೆಯೋದು.”

ಮಾತು ಮುಗಿದಾಗ ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ. ನನ್ನ ಮಂಡಿಗಳನ್ನು ಇಷ್ಟು ವರ್ಷ ತಡೆದು ನಿಲ್ಲಿಸಿದ್ದ ಧರ್ಮ ಅಷ್ಟರಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು. ಆ ಕ್ಷಣ ಕೋಪಕ್ಕಿಂತ ಆಸೆಯೇ ಮುಂದಾಯಿತು. ಗ್ಯಾಸ್ ಆರಿಸಿ ಹೋಗಿ ಮಂಚದ ಮುಂದೆ ನಿಂತೆ.

“ಹಾಗಾದರೆ ಇನ್ನು ನನ್ನದು ಮಾಡಿಸಿ” ಎಂದೆ.

“ಆಯ್ತಲ್ಲ, ಅಪ್ರೂವ್ಡ್” ಎಂದು ಇವರು ನಗುತ್ತಾ ಒಪ್ಪಿಕೊಂಡರು. ಅಷ್ಟು ಸುಲಭವಾಗಿ.

ಹರಿಣಿ ರಜೆ ಹಾಕಿ ನನ್ನನ್ನು ಮಹಂತೇಶ್ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳೆಲ್ಲ ಆದವು. ರಕ್ತ ಕೊಡುವಾಗ, ಇಸಿಜಿಗೆ ಮಲಗಿದಾಗ, ನಾನು ಮದುವೆಗೆ ಹೊರಟವಳಂತೆ ಸಂಭ್ರಮದಲ್ಲಿದ್ದೆ. ವರದಿ ಬಂದ ದಿನ ಡಾಕ್ಟರು ಹಾಳೆಗಳನ್ನು ಎರಡೆರಡು ಸಲ ತಿರುವಿ ನೋಡಿದರು.

“ಅಮ್ಮಾರ, ಆ ನೋವಿನ ಗುಳಿಗಿ ಎಷ್ಟ ದಿನದಿಂದ ನುಂಗತೀರಿ?”

“ದಿನಾ ತಗೋತೀನಿ. ಶ್ರಾದ್ಧದ ದಿನ ಇನ್ನೊಂದೆರಡು ಜಾಸ್ತಿ.”

“ನಾ ದಿನಾ ಅಂತ ಬರದಿರಲಿಲ್ಲಲ್ರೀ.” ಅವರ ದನಿಯಲ್ಲಿ ಬೈಗುಳಕ್ಕಿಂತ ಸಂಕಟವಿತ್ತು. “ಕಿಡ್ನಿ ಭಾಳ ಹಾಳಾಗ್ಯಾವ. ಹೃದಯಾನೂ ಸೋತದ. ಕಿಡ್ನಿ ಡಾಕ್ಟರ್ ಮತ್ತ ಅರಿವಳಿಕೆ ಡಾಕ್ಟರ್ ಇಬ್ಬರೂ ಬ್ಯಾಡ ಅಂತಾರ. ಎರಡು ಮಂಡಿ ಬಿಡ್ರಿ, ಒಂದಕ್ಕೂ ಒಪ್ಪವಲ್ಲರು. ಟೇಬಲ್ ಮ್ಯಾಲೇ ಏನರ ಆದ್ರ…”

“ಆವತ್ತೇ ಮಾಡಿಸಿದ್ದರೆ?” ಎಂದು ಹರಿಣಿ ಕೇಳಿದಳು.

ಡಾಕ್ಟರು ಎಕ್ಸ್‌ರೇಯನ್ನು ಕವರಿನೊಳಗೆ ಹಾಕಿದರು. “ಆವತ್ತು ಎಲ್ಲಾ ಬರೋಬ್ಬರಿ ಇತ್ತವ್ವಾ” ಎಂದರು.

ಆ ಗುಳಿಗೆ ಇನ್ನು ಮುಟ್ಟಲೇಬಾರದು ಎಂದರು. ಮತ್ತೆ ಅದೇ ಕಾಲೆತ್ತಿ ಇಳಿಸುವ ವ್ಯಾಯಾಮ, ಅದೇ ಪಟ್ಟಿ, ಅದೇ ಊರುಗೋಲು, ನೆಲದ ಮೇಲೆ ಕೂರಬೇಡಿ ಎಂಬ ಅದೇ ಮಾತು. ಮೊದಲ ದಿನ ಹೇಳಿದ್ದನ್ನೇ ಹೇಳಿ ಕಳಿಸಿದರು. ಕ್ಯಾಬಿನಲ್ಲಿ ಹರಿಣಿ ಅತ್ತಳು. ನನಗೆ ಅಳು ಬರಲಿಲ್ಲ. ರಸ್ತೆಯ ಪಕ್ಕದಲ್ಲಿ ಕಂಡ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲುಗಳನ್ನು ನೋಡಿ ಮುಖ ತಿರುಗಿಸಿಕೊಂಡೆ.

ಮನೆಯಲ್ಲಿ ಇವರು ವರದಿ ಓದಿ, ಕನ್ನಡಕ ತೆಗೆದು, “ಛೆ” ಎಂದರು. ಸ್ವಲ್ಪ ಹೊತ್ತಾದ ಮೇಲೆ ಎಣ್ಣೆ ಬಿಸಿ ಮಾಡಿಕೊಂಡು ಬಂದರು. ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ.

ಅತ್ತೆಯ ತಿಥಿ ಬಂತು. ಭಟ್ಟರು ಕಳಿಸಿದ ಅಡುಗೆಯವರು ಪಂಚೆಯುಟ್ಟು, ನಾನು ದಿನಾ ಅಡುಗೆ ಮಾಡುವ ಅದೇ ಗ್ಯಾಸ್ ಕಟ್ಟೆಯ ಮುಂದೆ ನಿಂತು, ಹೊತ್ತೇರುವಷ್ಟರಲ್ಲಿ ಎಲ್ಲ ಮುಗಿಸಿದರು. ನಡುಮನೆಯಲ್ಲಿ ಇವರು ಕುರ್ಚಿಯ ಮೇಲೆ ಕೂತು, ಎದುರಿನ ಮೇಜಿನ ಮೇಲೆ ಪಿಂಡವಿಟ್ಟರು. ಬಾಲ್ಕನಿಯಲ್ಲಿಟ್ಟ ಪಿಂಡಕ್ಕೆ ಪ್ರತಿ ವರ್ಷದಂತೆ ಈ ಸಲವೂ ಕಾಗೆ ಬರಲಿಲ್ಲ, ಪಾರಿವಾಳಗಳು ಬಂದು ತಿಂದವು. ಆಕಾಶವೇನೂ ಕಳಚಿ ಬೀಳಲಿಲ್ಲ. ಬ್ರಾಹ್ಮಣರು ವಡೆ ಚೆನ್ನಾಗಿದೆ ಎಂದು ಇನ್ನೊಂದು ಕೇಳಿ ಹಾಕಿಸಿಕೊಂಡರು.

ಊಟವಾಗಿ ಕೈತೊಳೆದು ಬಂದ ಇಂದುಶೇಖರ ಭಟ್ಟರನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ತಡೆದೆ. ಎಲ್ಲರಿಗೂ ಕೇಳಿಸುವಂತೆಯೇ ಕೇಳಿದೆ.

“ಭಟ್ಟರೇ, ಈ ಕುರ್ಚಿ, ಹೊರಗಿನ ಅಡುಗೆಯವರು, ನಿಂತು ಮಾಡೋ ಅಡುಗೆ, ಇದೆಲ್ಲ ಈ ವರ್ಷ ಹೊಸದಾಗಿ ಬಂದದ್ದಾ? ಮೊದಲೂ ಇತ್ತಾ?”

“ಮೊದಲಿಂದಲೂ ಇದೆಯಮ್ಮಾ. ಯಾಕೆ?”

“ನಾನು ಇಷ್ಟು ವರ್ಷ ಒಳಗೆ ನೆಲದ ಮೇಲೆ ಕೂತು ಮಾಡಿದೆ. ಅತ್ತೆಯವರ ಕಟ್ಟಳೆ.”

ಭಟ್ಟರು ನನ್ನ ಬಾಗಿದ ಕಾಲುಗಳನ್ನು ಅಂದೇ ಮೊದಲ ಸಲ ಎಂಬಂತೆ ನೋಡಿದರು. “ಅಯ್ಯೋ, ಅದು ಶಾಸ್ತ್ರ ಅಲ್ಲಮ್ಮಾ. ನಿಮ್ಮತ್ತೆಯವರ ಅಭ್ಯಾಸ ಅಷ್ಟೆ. ಒಂದು ಮಾತು ಕೇಳಿದ್ದರೆ ಆವತ್ತೇ ಹೇಳಿಬಿಡ್ತಿದ್ದೆ. ಯಾರೂ ಕೇಳಲೇ ಇಲ್ಲವಲ್ಲ.”

ನಾನು ಇವರ ಕಡೆ ನೋಡಿದೆ. ಸರ್ಕಾರದ ಒಂದು ಸಣ್ಣ ನಿಯಮದ ಬಗ್ಗೆ ಅನುಮಾನ ಬಂದರೆ ಮೂರು ಇಲಾಖೆಗೆ ಬರೆದು ಕೇಳುತ್ತಿದ್ದ ಮನುಷ್ಯ. ಅವರ ಮುಖ ಸ್ವಲ್ಪ ಕೆಂಪಾಗಿತ್ತು. ಗಂಟಲು ಸರಿ ಮಾಡಿಕೊಂಡು, ಭಟ್ಟರಿಗೆ ಹೊತ್ತಾಗುತ್ತಿದೆ ಎಂಬಂತೆ ಗಡಿಯಾರ ನೋಡಿದರು.

ಕೊನೆಗೆ ಉಳಿದದ್ದು ಆಶೀರ್ವಾದ. ಬ್ರಾಹ್ಮಣರು ಸಾಲಾಗಿ ನಿಂತರು. ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಬೇಕು, ಅವರು ಅಕ್ಷತೆ ಹಾಕಬೇಕು.

ಇವರು ಕುರ್ಚಿಯಲ್ಲೇ ಕೂತು ಕೈಮುಗಿದು, ನನ್ನ ಕಡೆ ತಿರುಗಿದರು. “ಸರಳಾ, ನನಗೆ ಮಂಡಿಯೂರೋ ಹಾಗಿಲ್ಲ. ಇಬ್ಬರ ಪರವಾಗೂ ನೀನೇ ನಮಸ್ಕಾರ ಮಾಡಿಬಿಡು.”

 ಹರಿಣಿ ಬಾಯಿ ತೆರೆದಳು, ನಾನು ಕೈಯೆತ್ತಿ ತಡೆದೆ. ಆ ಮನುಷ್ಯ ಕೇಡು ಬಯಸಿ ಹಾಗೆ ಹೇಳಲಿಲ್ಲ ಎಂಬುದೇ ನನ್ನ ಹೊಟ್ಟೆ ಉರಿಸಿತು. ನನಗೂ ಮಂಡಿ ಇದೆ ಎಂಬುದು ಆ ಹೊತ್ತಿನಲ್ಲಿ ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು.

ನಾನು ಊಟದ ಮೇಜಿನ ಹತ್ತಿರ ಹೋಗಿ ಒಂದು ಕುರ್ಚಿಯನ್ನು ಎಳೆದುಕೊಂಡು ಬಂದೆ. ಅದರ ಕಾಲು ನೆಲಕ್ಕೆ ಉಜ್ಜಿ ಕರ್ಕಶವಾಗಿ ಸದ್ದಾಯಿತು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಇವರ ಕುರ್ಚಿಯ ಪಕ್ಕಕ್ಕೆ ಹಾಕಿ, ಊರುಗೋಲು ಒರಗಿಸಿ, ಕೂತೆ.

“ನಿಮ್ಮದು ಹೊಸ ಮಂಡಿ, ಕಾಪಾಡಿಕೊಳ್ಳಿ” ಎಂದೆ. “ನನ್ನವು ಎರಡನ್ನೂ ನಿಮ್ಮಮ್ಮನಿಗೆ ಬಡಿಸಿಯಾಗಿದೆ. ಇನ್ನು ಬಗ್ಗೋದಕ್ಕೆ ನನ್ನ ಹತ್ತಿರ ಏನೂ ಉಳಿದಿಲ್ಲ.”

ಇವರ ಕೈ ಮುಗಿದಂತೆಯೇ ನಿಂತುಬಿಟ್ಟಿತು. ಭಟ್ಟರು ಮಂತ್ರ ಹೇಳುತ್ತಾ, ಕೂತ ನಮ್ಮಿಬ್ಬರ ತಲೆಯ ಮೇಲೂ ಅಕ್ಷತೆ ಹಾಕಿದರು.

ಎಲ್ಲರೂ ಹೋದರು. ಇವರು ಕುರ್ಚಿಯ ಕೈಯನ್ನು ಒತ್ತಿ, ಸಲೀಸಾಗಿ ಎದ್ದು ಕೋಣೆಗೆ ನಡೆದುಕೊಂಡು ಹೋದರು. ಹೊಸ ಮಂಡಿ ಚೆನ್ನಾಗಿ ಮಡಚುತ್ತಿತ್ತು. ಅವರ ಹಿಂದೆಯೇ ಹೋಗಿ ಇನ್ನೂ ನಾಲ್ಕು ಮಾತು ಆಡಬೇಕೆಂದು ನನಗಿತ್ತು. ಏಳಲು ನೋಡಿದೆ, ಆಗಲಿಲ್ಲ. ಹರಿಣಿ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿಯ ಸದ್ದಿನಲ್ಲಿ ನಾನು ಕರೆದದ್ದು ಅವಳಿಗೆ ಕೇಳಲಿಲ್ಲ. ಅವಳು ಕೈ ಒರೆಸಿಕೊಂಡು ಬರುವವರೆಗೆ ನಾನು ಆ ಕುರ್ಚಿಯಲ್ಲೇ ಕೂತಿದ್ದೆ.